ಕಳೆ ಕೊಚ್ಚುವ ದಿನದ ತಂಬುಳಿ

ಅಬ್ಬೆಯ (ನಮ್ಮಲ್ಲಿ ಅಮ್ಮನಿಗೆ ಹೀಗೆ ಅಂತಾರೆ) ಬಲಗೈ ಮುರಿದದ್ದು ಜೂನ್ ಕೊನೆಯ ವಾರ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಪಾಚಿ ಕಟ್ಟಿತ್ತು. ಉಜ್ಜಿ ತೊಳೆ ಅಂತ ಎರಡು ದಿನದಿಂದ ನನಗೆ ಹೇಳುತ್ತಿದ್ದಳು. ನಾನು ಮಳೆ ಬಿಡಲಿ ಅಂತ ಕಾಯುತ್ತಿದ್ದೆ. ಕಾಸರಗೋಡಿನಲ್ಲಿ ಜೂನ್ ತಿಂಗಳಲ್ಲಿ ಮಳೆ ಬಿಡಲಿ ಅಂತ ಕಾಯುವವನಿಗೆ ಏನನ್ನಬೇಕೋ ಅದನ್ನು ಹೆಂಡತಿ ಆಸ್ಪತ್ರೆಯಲ್ಲೇ ಅಂದಳು.

ಮಣಿಕಟ್ಟಿನ ಮೂಳೆ. ಆರು ವಾರ ಪ್ಲಾಸ್ಟರ್. ಹೆಂಡತಿಗೆ ಬೆಳಗ್ಗೆ ಎಂಟರ ಬಸ್ಸಿಗೆ ಶಾಲೆಗೆ ಹೋಗಬೇಕು, ಮಗಳು ಒಂಬತ್ತನೇ ಕ್ಲಾಸು. ಮನೆಯಲ್ಲಿ ಉಳಿಯುವವನು ನಾನೊಬ್ಬನೇ, ಅಡಿಕೆ ತೋಟ ನೋಡಿಕೊಂಡು ಇರುವವನು. ಮಳೆಗಾಲದಲ್ಲಿ ತೋಟದವನಿಗೆ ಮದ್ದು ಬಿಡುವುದೊಂದು (ಅಡಿಕೆಯ ರೋಗಕ್ಕೆ ಔಷಧಿ ಸಿಂಪಡಿಸುವುದು) ಬಿಟ್ಟರೆ ದೊಡ್ಡ ಕೆಲಸ ಏನಿದೆ ಅಂತ ಎಲ್ಲರೂ ಸೇರಿ ತೀರ್ಮಾನ ಮಾಡಿದರು. ಹಾಗೆ ಅಡುಗೆಮನೆ ನನ್ನ ಪಾಲಿಗೆ ಬಂತು.

ನನಗೆ ಅಡುಗೆ ಬರುವುದೇ ಇಲ್ಲ ಅಂತೇನಲ್ಲ. ಗಂಜಿ, ಚಟ್ನಿ, ಬೇಳೆ ಸಾರು, ಬೆಂಡೆಕಾಯಿ ತಾಳು, ಇಷ್ಟು ಬರುತ್ತದೆ. (ನಮ್ಮಲ್ಲಿ ಪಲ್ಯಕ್ಕೆ ತಾಳು ಅಂತಾರೆ, ಸಾಂಬಾರಿನಂಥದ್ದಕ್ಕೆ ಬೆಂದಿ.) ಮೊದಲ ನಾಲ್ಕು ದಿನ ಅದರಲ್ಲೇ ದೂಡಿದೆ. ಐದನೇ ದಿನ ಅಬ್ಬೆ ಜಗಲಿಯಲ್ಲಿ ಕೂತು, ಕುತ್ತಿಗೆಗೆ ಕಟ್ಟಿದ ಕೈಯನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು, ಬಾಯಿ ರುಚಿಯೇ ಇಲ್ಲ, ಒಂದು ಉರಗೆ ತಂಬುಳಿ ಮಾಡ್ತೀಯಾ ಅಂತ ಕೇಳಿದಳು.

ತಂಬುಳಿ ಅಂದರೆ ಸೊಪ್ಪು ಅರೆದು ಮಜ್ಜಿಗೆ ಸೇರಿಸಿ ಅನ್ನಕ್ಕೆ ಹಾಕಿಕೊಳ್ಳುವುದು. ಉರಗೆ ಅಂದರೆ ಒಂದೆಲಗ. ತುಳುವಿನವರಿಗೆ ತಿಮರೆ. ಅದರ ಎಲೆ ನನಗೆ ಗೊತ್ತು. ದುಂಡಗೆ, ಒಂದು ಕಡೆ ಕಚ್ಚಿ ತೆಗೆದ ಹಾಗೆ ಸೀಳು. ತೋಟದ ಕಣಿಯ (ನೀರು ಹರಿಯುವ ಕಾಲುವೆಯ) ಬದಿಯಲ್ಲಿ ಹಾಸಿಕೊಂಡು ಇರುತ್ತದೆ ಅಂತಲೂ ಗೊತ್ತು. ಹೋಗಿ ನೋಡಿದರೆ ಇಲ್ಲ. ಹದಿನೈದು ದಿನದ ಹಿಂದೆ ನಾನೇ ಯಂತ್ರ ಹಿಡಿದು ಕಳೆ ಕೊಚ್ಚಿದ್ದೆ. ನೆಲ ಮಟ್ಟಸವಾಗಿ, ಕ್ಷೌರ ಮಾಡಿದ ತಲೆಯ ಹಾಗಿತ್ತು. ಅಲ್ಲಲ್ಲಿ ನಾಲ್ಕು ಎಲೆ ಚಿಗುರಿತ್ತು, ಅದರ ಮೇಲೆ ನೀಲಿ ಬಿಳಿ ಕಲೆ. ಮೊನ್ನೆಯಷ್ಟೇ ಅಡಿಕೆಗೆ ಬೋರ್ಡೋ ಮದ್ದು ಬಿಟ್ಟದ್ದು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಕೊಳೆರೋಗಕ್ಕೆ ಇದಿಲ್ಲದೆ ಗತಿ ಇಲ್ಲ. ಗೊನೆಗೆ ಬಿದ್ದದ್ದಕ್ಕಿಂತ ಜಾಸ್ತಿ ಕೆಳಗೆ ಸುರಿಯುತ್ತದೆ ಅಂತ ನಾನು ಆವತ್ತಿನವರೆಗೆ ಯೋಚನೆ ಮಾಡಿದವನಲ್ಲ. ಕೆಳಗೆ ಇರುವುದು ಕಳೆ ತಾನೇ.

ಸರಿ, ಹೇಗೂ ಕಾಸರಗೋಡಿಗೆ ಹೋಗಲಿಕ್ಕಿತ್ತು. ಪೇಟೆಯಲ್ಲಿ ಹಸಿ ಮದ್ದಿನ ಸೊಪ್ಪು ಬೇರು ಮಾರುವ ಅಂಗಡಿಗೆ ಹೋದೆ. ಉರಗೆ ಅಂದರೆ ಅವನಿಗೆ ಅರ್ಥವಾಗಲಿಕ್ಕಿಲ್ಲ ಅಂತ ಬುದ್ಧಿ ಓಡಿಸಿ ಬ್ರಾಹ್ಮಿ ಕೊಡಿ ಅಂದೆ. ಘಟ್ಟದ ಮೇಲಿನ ನೆಂಟರೆಲ್ಲ ಒಂದೆಲಗಕ್ಕೆ ಬ್ರಾಹ್ಮಿ ಅಂತಲೇ ಹೇಳುವುದಲ್ವಾ? ಅವನು ಒಂದು ಕಟ್ಟು ಕೊಟ್ಟ. ಎಲೆ ಬೇರೆ ಥರ ಕಂಡಿತು. ಸಣ್ಣಸಣ್ಣದು, ದಪ್ಪ, ಬೆರಳಲ್ಲಿ ಒತ್ತಿದರೆ ನೀರು ಬರುವಂಥದ್ದು. ಮದ್ದಿನ ಅಂಗಡಿಯವನಿಗಿಂತ ನನಗೆ ಜಾಸ್ತಿ ಗೊತ್ತಾ ಅಂತ ಸುಮ್ನೆ ತಂದೆ. ಅರೆದೆ, ಮಜ್ಜಿಗೆ ಹಾಕಿದೆ, ಒಗ್ಗರಣೆ ಕೊಟ್ಟೆ. ಬಣ್ಣ ಚೆನ್ನಾಗಿಯೇ ಬಂತು.

ಅಬ್ಬೆ ಎಡಗೈಯಲ್ಲಿ ಲೋಟ ಎತ್ತಿ ಒಂದು ಗುಟುಕು ಕುಡಿದು ಕೆಳಗಿಟ್ಟಳು. "ಎಂತದಾ ಇದು? ಕಷಾಯವಾ?"

ಕಹಿ ಅಂದರೆ ಕಹಿ. ಮಗಳು ಮೊಬೈಲಿನಲ್ಲಿ ಹುಡುಕಿ ನ್ಯಾಯ ಹೇಳಿದಳು. ಮಲಯಾಳದಲ್ಲಿ ಬ್ರಹ್ಮಿ ಅಂದರೆ ಆ ದಪ್ಪ ಎಲೆಯ ಗಿಡವೇ, ನೀರು ನಿಲ್ಲುವಲ್ಲಿ ಬೆಳೆಯುವುದು. ಒಂದೆಲಗ ಬೇರೆ ಗಿಡ, ಕೊತ್ತಂಬರಿ ಸೊಪ್ಪಿನ ಕುಟುಂಬದ್ದು, ಸಂಸ್ಕೃತದಲ್ಲಿ ಮಂಡೂಕಪರ್ಣಿ. ಎರಡನ್ನೂ ನೆನಪಿನ ಶಕ್ತಿಗೆ ಒಳ್ಳೆಯದು ಅಂತ ಹೇಳುವ ಕಾರಣ ಹೆಸರು ಕಲಸುಮೇಲೋಗರ ಆಗಿದೆ. ಅಂಗಡಿಯವನು ಕೇಳಿದ್ದನ್ನೇ ಕೊಟ್ಟ, ತಪ್ಪು ನನ್ನದೇ. ಗಡಿಯಲ್ಲಿ ಇದ್ದರೆ ಹೀಗೆ. ನಮ್ಮದು ಏಳು ಭಾಷೆಯ ಊರು ಅಂತ ಸಭೆಗಳಲ್ಲಿ ಭಾಷಣ ಮಾಡುವುದು ಸುಲಭ, ಒಂದು ಕಟ್ಟು ಸೊಪ್ಪು ತರುವುದು ಕಷ್ಟ. ಮನೆಯಲ್ಲಿ ಹವ್ಯಕ, ತೋಟದ ಕೆಲಸದವರ ಹತ್ತಿರ ತುಳು, ಬಸ್ಸಿನಲ್ಲಿ ಮಲಯಾಳ, ಬ್ಲಾಗಿನಲ್ಲಿ ಈ ಕನ್ನಡ. ಒಂದೇ ಗಿಡ ಬಾಯಿಂದ ಬಾಯಿಗೆ ಹೋಗುವಾಗ ಬೇರೆ ಗಿಡ ಆಗಿಬಿಡುತ್ತದೆ.

ಮರುದಿನ ಬೆಳಗ್ಗೆ ನೋಡಿದರೆ ಅಬ್ಬೆ ಅಂಗಳದಲ್ಲಿ ನಿಂತಿದ್ದಾಳೆ. ತಲೆಗೆ ಮುಟ್ಟಾಳೆ (ಅಡಿಕೆ ಹಾಳೆಯ ಟೊಪ್ಪಿ), ಪ್ಲಾಸ್ಟರಿಗೆ ರೇಷನ್ ಸಕ್ಕರೆಯ ಪ್ಲಾಸ್ಟಿಕ್ ತೊಟ್ಟೆ, ಮೇಲಿಂದ ರಬ್ಬರ್ ಬ್ಯಾಂಡು. ಬಾ ಅಂತ ಮುಂದೆ ಹೊರಟಳು. ನಾನು ಕೊಡೆ ಹಿಡಿದು ಹಿಂದೆ.

ಹೋದದ್ದು ಸುರಂಗದ ಬಾಯಿಗೆ. ನಮ್ಮ ಕಡೆಯ ಸುರಂಗ ಗೊತ್ತಿಲ್ಲದವರಿಗೆ: ಬಾವಿಯನ್ನು ಕೆಳಗೆ ತೋಡುವ ಬದಲು ಗುಡ್ಡಕ್ಕೆ ಅಡ್ಡಲಾಗಿ ಕೊರೆಯುವುದು. ಮುರಕಲ್ಲಿನ (ಕೆಂಪು ಜಂಬಿಟ್ಟಿಗೆಯ) ಒಳಗೆ ಒಬ್ಬ ಬಗ್ಗಿ ನಡೆಯುವಷ್ಟು ಗುಹೆ. ನೀರು ತಾನಾಗಿ ಹರಿದು ಹೊರಗೆ ಬರುತ್ತದೆ, ಪಂಪು ಬೇಡ, ಕರೆಂಟು ಬೇಡ. ನಮ್ಮದನ್ನು ಅಜ್ಜನ ಕಾಲದಲ್ಲಿ ಕೊರೆದದ್ದು. ಈಗ ಬೋರ್‌ವೆಲ್ ಬಂದ ಮೇಲೆ ನಾನು ಅತ್ತ ತಲೆ ಹಾಕುವುದು ವರ್ಷಕ್ಕೊಮ್ಮೆ, ಪೈಪು ಕಟ್ಟಿಕೊಂಡಾಗ. ಆ ಬಾಯಿಯ ಸುತ್ತ ಅಡಿಕೆ ಮರ ಇಲ್ಲ, ಆದ್ದರಿಂದ ಮದ್ದು ಬೀಳುವುದಿಲ್ಲ. ಕಲ್ಲು ಜಾಸ್ತಿ, ಆದ್ದರಿಂದ ನನ್ನ ಯಂತ್ರ ಬರುವುದಿಲ್ಲ. ನೀರು ಯಾವತ್ತೂ ಜಿನುಗುತ್ತದೆ. ಅಲ್ಲಿ ಉರಗೆ ಒಂದು ಚಾಪೆ ಹಾಸಿದಷ್ಟು ಇತ್ತು.

ಕಿತ್ತರೆ ಬರುವುದು ಒಂದು ಗಿಡ ಅಲ್ಲ, ಒಂದು ಬಳ್ಳಿ. ಗಂಟು ಗಂಟಿಗೂ ಬೇರು ಬಿಟ್ಟು ಮುಂದೆ ಹೋಗಿರುತ್ತದೆ. ಒಂದು ಕಡೆ ಎಳೆದರೆ ಮೊಳ ದೂರದಲ್ಲಿ ಎಲೆ ಅಲ್ಲಾಡುತ್ತದೆ. ಎಲೆಯ ಅಡಿಯಲ್ಲಿ ಬಸವನಹುಳ ಕೂತಿರುತ್ತದೆ, ಸಾಸಿವೆ ಗಾತ್ರದ್ದೂ ಇರುತ್ತದೆ. ಬೇರಿನಲ್ಲಿ ಕೆಂಪು ಮಣ್ಣು. ಅಬ್ಬೆ ಏಳು ನೀರಿನಲ್ಲಿ ತೊಳೆ ಅಂದಳು. ನಾನು ಮಾತಿಗೆ ಹೇಳಿದ್ದು ಅಂದುಕೊಂಡೆ. ಐದನೇ ನೀರೂ ಕೆಂಪಗೇ ಇತ್ತು.

ಮಾಡುವುದು ಹೀಗೆ. ನಾಲ್ಕು ಜನಕ್ಕೆ ದಂಟು ಸಮೇತ ಒಂದು ದೊಡ್ಡ ಹಿಡಿ. ಅರ್ಧ ಲೋಟ ಕಾಯಿತುರಿ, ಕಾಲು ಚಮಚ ಜೀರಿಗೆ, ಐದಾರು ಒಳ್ಳೆಮೆಣಸು (ಕಾಳುಮೆಣಸು). ಮೊದಲು ಕಾಯಿ ಜೀರಿಗೆ ಮೆಣಸು ನುಣ್ಣಗೆ ಆಗಬೇಕು, ಆಮೇಲೆ ಸೊಪ್ಪು. ಎಲ್ಲ ಒಟ್ಟಿಗೆ ತುರುಕಿದರೆ ದಂಟಿನ ನಾರು ಮಿಕ್ಸಿಯ ಬ್ಲೇಡಿಗೆ ಸುತ್ತಿಕೊಂಡು ಕೂರುತ್ತದೆ. ನಾನು ಬಿಡಿಸಿದ್ದೇನೆ, ಆದ್ದರಿಂದ ಹೇಳುತ್ತಿದ್ದೇನೆ. ಎರಡು ಲೋಟ ಮಜ್ಜಿಗೆ, ಸ್ವಲ್ಪ ಹುಳಿ ಇದ್ದರೆ ಒಳ್ಳೆಯದು. ಉಪ್ಪು. ತುಪ್ಪದಲ್ಲಿ ಸಾಸಿವೆ, ಒಂದು ಒಣಮೆಣಸು. ಕುದಿಸುವ ಪ್ರಶ್ನೆಯೇ ಇಲ್ಲ. ಉರಗೆಯನ್ನು ಹಸಿಯೇ ಅರೆಯುವುದು. ಸಾಂಬ್ರಾಣಿ ಸೊಪ್ಪಾದರೆ (ಬಯಲುಸೀಮೆಯವರ ದೊಡ್ಡಪತ್ರೆ) ತುಪ್ಪದಲ್ಲಿ ಬಾಡಿಸಿ, ತಣಿಸಿ ಅರೆಯಬೇಕು. ತಣಿಸಿ ಅನ್ನುವುದನ್ನು ನಾನು ಒಂದು ದಿನ ಬಿಟ್ಟೆ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಬ್ಬೆ "ಬೆಶಿ ಇಪ್ಪಗ ಮಜ್ಜಿಗೆ ಎರೆಯೆಡ" (ಬಿಸಿ ಇರುವಾಗ ಮಜ್ಜಿಗೆ ಹಾಕಬೇಡ) ಅಂತ ಹೇಳಿ ಮುಗಿಸುವಷ್ಟರಲ್ಲಿ ಎರೆದಾಗಿತ್ತು. ಮಜ್ಜಿಗೆ ಒಡೆಯಿತು. ಬೆಕ್ಕು ಸಹ ಮೂಸಲಿಲ್ಲ.

ಆ ಮೊದಲ ಉರಗೆ ತಂಬುಳಿಯನ್ನು ಅಬ್ಬೆ ಎರಡು ಸಲ ಅನ್ನಕ್ಕೆ ಹಾಕಿಸಿಕೊಂಡಳು. ಎಡಗೈಯಲ್ಲಿ ಚಮಚ ಹಿಡಿದು ಉಣ್ಣುವುದು ಅವಳಿಗೆ ಮೊದಲಿಂದಲೂ ಆಗದ ವಿಷಯ. ಅರ್ಧ ಸೆರಗಿಗೆ ಬೀಳುತ್ತಿತ್ತು. ಆವತ್ತು ಬಟ್ಟಲು ಎತ್ತಿ ಕುಡಿದಳು. ಚೆನ್ನಾಗಿದೆ ಅಂತ ಹೇಳುವ ಕ್ರಮ ನಮ್ಮ ಮನೆಯಲ್ಲಿ ಇಲ್ಲ.

ಆಮೇಲೆ ದಿನಾ ಒಂದು ಪಾಠ. ನಾನು ಸಿಪಿಸಿಆರ್‌ಐಗೆ (ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಕೇಂದ್ರ) ತರಬೇತಿಗೆ ಹೋಗಿ ಅಡಿಕೆಗೆ ಬರುವ ರೋಗಗಳ ಹೆಸರನ್ನೆಲ್ಲ ಬಾಯಿಪಾಠ ಮಾಡಿಕೊಂಡು ಬಂದವನು. ಅಡಿಕೆಯ ಬುಡದಲ್ಲಿ ಇರುವುದರ ಹೆಸರು ಗೊತ್ತಿರಲಿಲ್ಲ. ಎಲ್ಲದಕ್ಕೂ ನನ್ನಲ್ಲಿ ಇದ್ದದ್ದು ಒಂದೇ ಹೆಸರು, ಕಳೆ. ಕೇಪುಳದ (ಕೆಂಪು ಹೂ ಗೊಂಚಲಿನ ಗಿಡ) ಕುಡಿ, ಅಂದರೆ ಚಿಗುರು, ನೇರಳೆಯ ಕುಡಿ, ಪೇರಳೆಯ (ಸೀಬೆಯ) ಕುಡಿ, ಮೂರೂ ಸೇರಿಸಿ ತುಪ್ಪದಲ್ಲಿ ಹುರಿದು ಮಾಡುವ ಕುಡಿ ತಂಬುಳಿ ಹೊಟ್ಟೆ ಕೆಟ್ಟಾಗ. ಬೇಲಿಗೆ ನೆಟ್ಟ ಚಕ್ರಮುನಿ ಬೇಳೆಗೆ ಹಾಕಿದರೆ ಒಂದು ಬೆಂದಿ. ಬಸಳೆ, ಹರಿವೆ ನನಗೂ ಗೊತ್ತಿದ್ದವೇ.

ಚಗಟೆಯದ್ದು ಸ್ವಲ್ಪ ಹೇಳಬೇಕು. ತುಳುವಿನಲ್ಲಿ ತಜಂಕ್, ಮಲಯಾಳದಲ್ಲಿ ತಗರ. ಮಾರ್ಗದ ಬದಿಯಲ್ಲಿ, ಹಟ್ಟಿಯ (ದನದ ಕೊಟ್ಟಿಗೆಯ) ಹಿಂದೆ, ಎಲ್ಲಿ ಬೇಕಾದರೂ ಹುಟ್ಟುತ್ತದೆ. ಒಂದು ಸಂಜೆ ಆರೂವರೆಗೆ ಕೊಯ್ಯಲು ಹೋದೆ. ಎಲೆಗಳೆಲ್ಲ ಜೋಡಿಜೋಡಿಯಾಗಿ ಕೈ ಮುಗಿದುಕೊಂಡು ಮಲಗಿವೆ! ಸಂಜೆ ಮಡಚಿಕೊಳ್ಳುವುದು ಅದರ ಸ್ವಭಾವ. ಬರಿಗೈಯಲ್ಲಿ ವಾಪಸ್ ಬಂದೆ. ಮುಚ್ಚಿದ ಎಲೆ ಕೊಯ್ಯಬಾರದು ಅಂತೇನೂ ಇಲ್ಲವಂತೆ, ನನಗೇ ಮನಸ್ಸಾಗಲಿಲ್ಲ. ಬೆಳಗ್ಗೆ ಹೋಗಿ ತುದಿಯ ಎಳೆ ಎಲೆ ಮಾತ್ರ ಚಿವುಟಿ ತಂದೆ. ಸಣ್ಣಕ್ಕೆ ಕೊಚ್ಚಿ, ಹಲಸಿನ ಬೀಜ ಬೇಯಿಸಿ ಹಾಕಿ, ತೆಂಗಿನೆಣ್ಣೆಯಲ್ಲಿ ಬೆಳ್ಳುಳ್ಳಿ ಒಗ್ಗರಣೆಯ ತಾಳು. ಆಚೆಮನೆಯ ಮಲಯಾಳಿ ಟೀಚರು ಬೇಲಿಯಾಚೆಯಿಂದ ನೋಡಿ, ಕರ್ಕಟಕ ತಿಂಗಳಲ್ಲಿ ತಮ್ಮಲ್ಲೂ ಇದು ಆಗಲೇಬೇಕು ಅಂದರು. ಅವರದ್ದು ಪತ್ತಿಲ, ಹತ್ತು ಸೊಪ್ಪಿನ ಲೆಕ್ಕ. ಕೆಸು, ಚಗಟೆ, ಕುಂಬಳದ ಎಲೆ, ಸಿಹಿಗುಂಬಳದ ಎಲೆ, ಅಲಸಂಡೆಯ ಎಲೆ, ಸುವರ್ಣಗಡ್ಡೆಯ ಎಲೆ, ಹೀಗೆ. ಅವರ ಕರ್ಕಟಕ, ನಮ್ಮ ಆಟಿ, ಎರಡೂ ಜುಲೈ ಆಗಸ್ಟಿನ ಮಳೆಯ ತಿಂಗಳು. ಅದೇ ಮಳೆ, ಅದೇ ಸೊಪ್ಪು. ಮೊದಲಿನ ಕಾಲದಲ್ಲಿ ಈ ತಿಂಗಳಲ್ಲಿ ಬೇರೆ ಏನೂ ಇರುತ್ತಿರಲಿಲ್ಲ ಅನ್ನುವುದೂ ನಿಜ. ಈಗ ಘಟ್ಟದ ಮೇಲಿನಿಂದ ಬೀನ್ಸು, ಕ್ಯಾಬೇಜು ಲಾರಿಯಲ್ಲಿ ಬರುತ್ತದೆ. ಅದನ್ನು ತಿನ್ನಬಾರದು ಅಂತ ನಾನು ಹೇಳುವವನಲ್ಲ. ನನ್ನ ಮಗಳಿಗೆ ಬೀನ್ಸೇ ಇಷ್ಟ.

ಕೆಸುವಿನ ಕಥೆಯನ್ನು ಬಿಡೋಣ ಅಂದುಕೊಂಡಿದ್ದೆ, ಮಗಳು ಬರೆಯಲೇಬೇಕು ಅನ್ನುತ್ತಿದ್ದಾಳೆ. ಅಬ್ಬೆ ಮಧ್ಯಾಹ್ನ ಮಲಗಿದ್ದಾಗ ಆಶ್ಚರ್ಯ ಮಾಡೋಣ ಅಂತ ನಾನೇ ಪತ್ರೊಡೆಗೆ ಇಳಿದೆ. ಬಚ್ಚಲಿನ ನೀರು ಹೋಗುವಲ್ಲಿ ಕೆಸುವಿನ ಎಲೆ ಆನೆಯ ಕಿವಿಯಷ್ಟು ಅಗಲವಾಗಿತ್ತು. ಅಕ್ಕಿ, ಕೊತ್ತಂಬರಿ, ಜೀರಿಗೆ, ಮೆಣಸು, ಬೆಲ್ಲ, ಕಾಯಿ ಎಲ್ಲ ಸರಿಯಾಗಿ ಅರೆದೆ. ಹುಳಿ ಮಾತ್ರ ಕಮ್ಮಿ ಹಾಕಿದೆ, ಮಗಳಿಗೆ ಹುಳಿ ಆಗುವುದಿಲ್ಲ ಅಂತ. ಎಲೆ ಕೊಚ್ಚಿ ಹಿಟ್ಟಿಗೆ ಸೇರಿಸಿ, ಬಾಳೆಲೆಯಲ್ಲಿ ಕಟ್ಟಿ ಒಂದು ಗಂಟೆ ಬೇಯಿಸಿದೆ. ಪರಿಮಳ ಅಂಗಳದವರೆಗೆ.

ಎರಡನೇ ತುತ್ತಿಗೆ ಹೆಂಡತಿ ಕೆಮ್ಮಿದಳು. ಮೂರನೆಯದಕ್ಕೆ ಮಗಳು ಗಂಟಲು ಹಿಡಿದುಕೊಂಡು ಎದ್ದಳು. ನನಗೆ ನಾಲಿಗೆಯ ಬುಡದಲ್ಲಿ ಯಾರೋ ಸೂಜಿ ಚುಚ್ಚಿದ ಹಾಗೆ. ಅದು ನಿಜವಾಗಿಯೂ ಸೂಜಿಯೇ. ಕೆಸುವಿನ ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಅನ್ನುವುದು ಸೂಜಿಯಂಥ ಹರಳಾಗಿ ಇರುತ್ತದೆ ಅಂತ ಮಗಳು ಮೊಸರು ನುಂಗುತ್ತಾ ಓದಿ ಹೇಳಿದಳು. ಅಬ್ಬೆ ತಿಂದಿರಲಿಲ್ಲ. ಎಲೆಯ ಒಂದು ಚೂರು ಎತ್ತಿ ನೋಡಿ, ಎಲ್ಲಿಂದ ತಂದೆ ಅಂತ ಕೇಳಿ, ತಟ್ಟೆ ದೂರ ಇಟ್ಟಿದ್ದಳು. ವಾರದ ಮೇಲೆ, ಅಡಿಕೆಗೆ ಮದ್ದು ಬಿಡಲು ಮರ ಹತ್ತುವವನು ಮಾವಿನ ಮರದ ಕಾಂಡದಲ್ಲಿ ಬೆಳೆದ ಮರಕೆಸು ಕಿತ್ತು ತಂದುಕೊಟ್ಟ. ಅದು ಮಳೆಗಾಲದಲ್ಲಿ ಮಾತ್ರ ಮರದ ಮೇಲೆ ಕಾಣುವುದು, ತುರಿಸುವುದು ತೀರ ಕಮ್ಮಿ. ಹುಣಸೆ ಧಾರಾಳ ಹಾಕಿ ಅಬ್ಬೆಯ ಎದುರಲ್ಲೇ ಮಾಡಿದೆ. ಮಗಳು ಮೊದಲು ನನಗೆ ತಿನ್ನಿಸಿ, ಹತ್ತು ನಿಮಿಷ ಕಾದು, ಆಮೇಲೆ ತಿಂದಳು.

ಆಟಿ ಅಮಾವಾಸ್ಯೆಯ ಹಾಲೆಮರದ ಕಷಾಯ, ಉಪ್ಪುಸೊಳೆಯ (ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆ) ಉಂಡ್ಲಕಾಳು ಅನ್ನುವ ಕರಿದ ತಿಂಡಿ, ಇವೆಲ್ಲ ಆದವು. ಬರೆಯುವಷ್ಟು ವಿಶೇಷ ಏನೂ ಆಗಲಿಲ್ಲ, ಅಂದರೆ ಏನೂ ಹಾಳಾಗಲಿಲ್ಲ.

ಈಗ ಇದನ್ನು ಬರೆಯಲು ಕೂತದ್ದು ಯಾಕೆ ಅಂತ ಹೇಳುತ್ತೇನೆ. ಐದನೇ ವಾರದಲ್ಲಿ ನಾಲ್ಕು ದಿನ ಬಿಸಿಲು ಬಂತು. ಯಂತ್ರ ಹೊರಗೆ ತೆಗೆದು ಮೇಲಿನ ತೋಟದ ಕಳೆ ಕೊಚ್ಚಿದೆ. ಸುಸ್ತಾಗಿತ್ತು, ರಾತ್ರಿಗೆ ಅನ್ನ, ಬೇಳೆ ಸಾರು, ಹಪ್ಪಳ ಮಾಡಿಟ್ಟೆ. ಊಟಕ್ಕೆ ಕೂತ ಹೆಂಡತಿ ಪಾತ್ರೆಯ ಮುಚ್ಚಳ ತೆಗೆದು ನೋಡಿ, "ಇವತ್ತು ಕಳೆ ಕೊಚ್ಚಿದ್ದೀರಲ್ಲ, ಮತ್ತೆ ಸೊಪ್ಪಿನದ್ದು ಏನೂ ಇಲ್ವಾ?" ಅಂದಳು.

ನನಗೆ ಅರ್ಥ ಆಗಲಿಲ್ಲ. ಕಳೆ ಕೊಚ್ಚುವುದಕ್ಕೂ ಸೊಪ್ಪಿಗೂ ಏನು?

"ನೀವು ಮಿಶನ್ ಹಿಡಿದ ದಿನ ರಾತ್ರಿಗೆ ಯಾವಾಗಲೂ ಸೊಪ್ಪಿನದ್ದೇ ಇರ್ತದಲ್ಲ" ಅಂದಳು. ಮದುವೆಯಾಗಿ ಬಂದು ಹದಿನಾರು ವರ್ಷ, ಅದರಲ್ಲಿ ಈ ಯಂತ್ರ ಬಂದು ಎಂಟು ವರ್ಷ. ಎಂಟು ವರ್ಷದಿಂದ ಅವಳು ನೋಡುತ್ತಿದ್ದಾಳೆ. ನಾನು ಉಣ್ಣುತ್ತಿದ್ದೇನೆ.

ಅಬ್ಬೆಯ ಮುಖ ನೋಡಿದೆ. ಅವಳು ತಟ್ಟೆಯಿಂದ ತಲೆ ಎತ್ತದೆ, "ನಿನ್ನ ಮಿಶನು ಬಪ್ಪ ಮದಲು ಆನು ಹೋಪದು" ಅಂದಳು. ನಿನ್ನ ಯಂತ್ರ ಬರುವ ಮೊದಲು ನಾನು ಹೋಗುವುದು ಅಂತ.

ಆಗ ನೆನಪಾಯಿತು. ಯಂತ್ರಕ್ಕೆ ಪೆಟ್ರೋಲ್ ತುಂಬಿಸುವಾಗ, ಬ್ಲೇಡಿನ ಬೋಲ್ಟು ಬಿಗಿ ಮಾಡುವಾಗ, ಮುಟ್ಟಾಳೆ ಹಾಕಿಕೊಂಡು ಕುರುವೆ (ಬುಟ್ಟಿ) ಹಿಡಿದು ಅಬ್ಬೆ ತೋಟಕ್ಕೆ ಇಳಿಯುತ್ತಿದ್ದಳು. ಯಾವಾಗಲೂ ನನಗಿಂತ ಮೊದಲು. ನನಗದು ಕಿರಿಕಿರಿ. ನನ್ನ ಕೆಲಸ ಸರಿ ಇದೆಯಾ ಅಂತ ನೋಡಲು ಬರುತ್ತಾಳೆ ಅಂತಲೇ ಇಷ್ಟು ವರ್ಷ ಅಂದುಕೊಂಡದ್ದು. ಕಲ್ಲು ಹಾರ್ತದೆ, ಆಚೆ ಹೋಗು ಅಂತ ಎಷ್ಟು ಸಲ ಗದರಿದ್ದೇನೋ. ಅವಳು ಸ್ವಲ್ಪ ಮುಂದೆ ಹೋಗಿ ಬಗ್ಗುತ್ತಿದ್ದಳು. ನಾನು ಹತ್ತಿರ ಬಂದರೆ ಇನ್ನೂ ಸ್ವಲ್ಪ ಮುಂದೆ. ಯಂತ್ರದ ಶಬ್ದಕ್ಕೆ ನಮ್ಮಿಬ್ಬರ ಮಾತೂ ಕೇಳುತ್ತಿರಲಿಲ್ಲ.

ಮೊದಲೇ ಹೇಳಬಹುದಿತ್ತಲ್ಲ ಅಬ್ಬೇ, ಆ ಜಾಗ ಬಿಡುತ್ತಿದ್ದೆ ಅಂದೆ.

"ನೀನು ಕೇಳಿದ್ದಿಲ್ಲೆನ್ನೆ" (ನೀನು ಕೇಳಲಿಲ್ಲವಲ್ಲ) ಅಂದಳು. ಕೋಪದಲ್ಲಿ ಅಲ್ಲ. ಮಜ್ಜಿಗೆ ಇತ್ತ ಕೊಡು ಅನ್ನುವ ಸ್ವರದಲ್ಲೇ.

ಆಗಸ್ಟ್ ಮೊದಲ ವಾರದಲ್ಲಿ ಪ್ಲಾಸ್ಟರ್ ತೆಗೆದರು. ಕೈ ಸಪೂರ ಆಗಿದೆ, ಮುಷ್ಟಿ ಪೂರ್ತಿ ಕಟ್ಟಲು ಇನ್ನೂ ಆಗುವುದಿಲ್ಲ. ರಬ್ಬರ್ ಚೆಂಡು ಹಿಸುಕಲು ಹೇಳಿ ಕಳಿಸಿದ್ದಾರೆ. ಅಬ್ಬೆ ಚೆಂಡನ್ನು ಮೊಮ್ಮಗಳಿಗೆ ಕೊಟ್ಟು, ನೆನೆಸಿದ ಹುಣಸೆಹಣ್ಣು ಹಿಂಡುತ್ತಾಳೆ. ಅಡುಗೆಮನೆ ಈಗ ಅರ್ಧ ಅವಳದ್ದು, ಅರ್ಧ ನನ್ನದು. ತಂಬುಳಿ ನನ್ನ ಭಾಗಕ್ಕೇ ಇರಲಿ ಅಂದಿದ್ದಾಳೆ. ಮಿಕ್ಸಿಯ ಬ್ಲೇಡಿನಿಂದ ನಾರು ಬಿಡಿಸಲು ಅವಳಿಗೆ ಆಗುವುದಿಲ್ಲವಂತೆ.

ಮೊನ್ನೆ ಸಂಜೆ ಯಂತ್ರ ಒರೆಸಿ ಜಗಲಿಯಲ್ಲಿಟ್ಟು, ನಾಳೆ ಕೆಳಗಿನ ತೋಟ ಕೊಚ್ಚುತ್ತೇನೆ ಅಂತ ಮೊದಲ ಸಲ ಅಬ್ಬೆಗೆ ಹೇಳಿದೆ. ಅವಳು ಕೊಡೆ ಹಿಡಿದು ಹೋಗಿ ಒಂದು ಸುತ್ತು ನೋಡಿಕೊಂಡು ಬಂದಳು.

"ನಾಳೆ ಬೇಡ, ನಾಡ್ದು ಕೊಚ್ಚು. ಚಗಟೆ ಇನ್ನು ರಜ ಬೆಳೆಯೆಕ್ಕು." (ಇನ್ನು ಸ್ವಲ್ಪ ಬೆಳೆಯಬೇಕು.)

ಇವತ್ತಿಗೆ ಮೂರು ದಿನ. ಹುಲ್ಲು ಮೊಣಕಾಲಿಗೆ ಬಂದಿದೆ.